ಕೂಸು ಅಳುತ್ತೆ ಅಂತ ಕಾರಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಾವಿರುವುದು ಕಲಬುರಗಿಯಲ್ಲಿ, ನನ್ನ ತವರುಮನೆ ಬೀದರ್. ತಿಂಗಳಿಗೆ ಒಂದೆರಡು ಸಲ ಕಾರಲ್ಲಿ ಹೋಗಿಬರುತ್ತೇವೆ. ಮಗಳಿಗೆ 14 ತಿಂಗಳು, ಮಗನಿಗೆ 6 ವರ್ಷ. ಮಗಳಿಗೆ ಕಾರ್ ಸೀಟ್ ತಂದಿದ್ದೇವೆ, ಆದರೆ ಕೂರಿಸಿದ ಕೂಡಲೇ ಅಳುತ್ತಾಳೆ. ಅತ್ತೆಯವರು ಎತ್ತಿ ತೊಡೆ ಮೇಲೆ ಹಾಕಿಕೊಳ್ಳುತ್ತಾರೆ, "ನಾವು ಮಕ್ಕಳನ್ನ ಬೆಳೆಸಿಲ್ಲೇನು" ಅಂತಾರೆ. ಮಗ ಮುಂದಿನ ಎರಡು ಸೀಟಿನ ನಡುವೆ ನಿಂತುಕೊಂಡೇ ಬರುತ್ತಾನೆ. ಊರೊಳಗೆ ಓಡಾಡುವಾಗಲೂ ಸೀಟ್ ಬೇಕಾ? ಮಗನಿಗೆ ದೊಡ್ಡವರ ಬೆಲ್ಟ್ ಸಾಕಾ? ಹೈದರಾಬಾದಿನಲ್ಲಿರುವ ಅಕ್ಕ ತನ್ನ ಮಗನ ಹಳೇ ಸೀಟ್ ಕೊಡುತ್ತೇನೆ ಅಂದಿದ್ದಾಳೆ, ತಗೊಳ್ಳಬಹುದಾ?

ಉತ್ತರ: ಅಕ್ಕಾರೆ, ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಕಾರು ಓಡುವಾಗ ಕೂಸು ಯಾರ ತೊಡೆ ಮೇಲೂ ಇರಬಾರದು. ಅಜ್ಜಿಯದಿರಲಿ, ನಿಮ್ಮದಿರಲಿ. ಊರೊಳಗೂ ಅಷ್ಟೇ. ಮಗನಿಗೆ ದೊಡ್ಡವರ ಬೆಲ್ಟ್ ಒಂದೇ ಸಾಲದು, ಕೆಳಗೆ ಬೂಸ್ಟರ್ ಸೀಟ್, ಅಂದರೆ ಮಗುವನ್ನು ಎತ್ತರಕ್ಕೆ ಕೂರಿಸುವ ಸೀಟ್, ಬೇಕು. ಹಳೇ ಸೀಟ್ ತಗೊಳ್ಳಬಹುದು, ಆದರೆ ನಾಲ್ಕು ಮಾತು ವಿಚಾರಿಸಿ. ಇನ್ನು ಉಳಿದದ್ದು ಅತ್ತೆಯವರ ವಿಷಯ. ನಿಮ್ಮ ನಿಜವಾದ ಕಷ್ಟ ಅದೇ ಅಂತ ನನಗನಿಸುತ್ತೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ಅವರ ಮೇಲೆ ಸಿಟ್ಟಾಗಬೇಡಿ. ಅವರು ಮಕ್ಕಳನ್ನು ಬೆಳೆಸಿದ ಕಾಲಕ್ಕೆ ನಮ್ಮ ಕಡೆ ಎಷ್ಟು ಮನೆಯಲ್ಲಿ ಕಾರಿತ್ತು? ಬಸ್ಸು, ಬಂಡಿ, ಇಲ್ಲಾ ಕಾಲ್ನಡಿಗೆ. ಬಂಡಿಯ ವೇಗಕ್ಕೆ ತಾಯಿಯ ಕೈ ಸಾಕಾಗುತ್ತಿತ್ತು. ಈಗ ಹುಮನಾಬಾದ್ ದಾಟಿದರೆ ಕಾರು ಎಂಬತ್ತು, ತೊಂಬತ್ತಕ್ಕೆ ಹೋಗುತ್ತೆ. ಅದೇ ರಸ್ತೆಯಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಎರಡು ಟ್ರಾಲಿ ಎಳೆದುಕೊಂಡು ಹೋಗುತ್ತಿರುತ್ತೆ, ಹಿಂದೆ ದೀಪ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಸೇಡಂ, ವಾಡಿ ಕಡೆಯ ಸಿಮೆಂಟ್ ಲಾರಿ, ಶಹಾಬಾದ್ ಕಡೆಯ ಕಲ್ಲಿನ ಲಾರಿ ಬೇರೆ. ನಿಮ್ಮ ಯಜಮಾನರು ಎಷ್ಟೇ ಹುಷಾರಾಗಿ ಓಡಿಸಲಿ, ಮುಂದಿನವನು ಯಾವಾಗ ಬ್ರೇಕ್ ಹಾಕುತ್ತಾನೆ ಅನ್ನುವುದು ಅವರ ಕೈಯಲ್ಲಿಲ್ಲ.

ಈಗ ಲೆಕ್ಕ ನೋಡಿ. ಕಾರು ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗಿ ಗುದ್ದಿತು, ಮುಂಭಾಗ ಅರ್ಧ ಮೀಟರ್ ನುಜ್ಜಾಗಿ ನಿಂತಿತು ಅಂದುಕೊಳ್ಳಿ. ಕಾರೇನೋ ನಿಂತಿತು, ಒಳಗೆ ಕಟ್ಟಿರದ ಮೈ ನಿಲ್ಲುವುದಿಲ್ಲ. ಅದು ಅದೇ 60ರ ವೇಗದಲ್ಲಿ ಮುಂದೆ ಹೋಗುತ್ತೆ. 10 ಕೆಜಿ ತೂಕದ ಕೂಸನ್ನು ಆ ಕ್ಷಣದಲ್ಲಿ ಹಿಡಿದು ನಿಲ್ಲಿಸಬೇಕಾದರೆ ಸುಮಾರು 280 ಕೆಜಿ ಭಾರ ತಡೆಯುವಷ್ಟು ಶಕ್ತಿ ಬೇಕು. ಅಂದರೆ 50 ಕೆಜಿಯ ತೊಗರಿ ಚೀಲ ಐದಾರು ಒಟ್ಟಿಗೆ ಕೈಮೇಲೆ ಬಿದ್ದಂತೆ, ಅದೂ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ. ಪೈಲ್ವಾನನ ಕೈಯಿಂದಲೂ ಆಗದು. ಪ್ರೀತಿ ಕಡಿಮೆ ಅಂತಲ್ಲ, ಕೈಗೆ ಅಷ್ಟು ಬಲವೇ ಇಲ್ಲ.

ಇನ್ನೊಂದು ಮಾತು, ಹೇಳಲು ಕಷ್ಟವಾಗುತ್ತೆ ಆದರೂ ಹೇಳಲೇಬೇಕು. ಹಿಂದಿನ ಸೀಟಲ್ಲಿ ಅತ್ತೆಯವರು ಬೆಲ್ಟ್ ಹಾಕಿರುವುದಿಲ್ಲ, ಅಲ್ವಾ? ಹಾಗಾದರೆ ಕೂಸಿನ ಜೊತೆ ಅವರ ಮೈಯೂ ಮುಂದೆ ನುಗ್ಗುತ್ತೆ. ಮುಂದಿನ ಸೀಟಿಗೂ ಅವರ 60–65 ಕೆಜಿ ಮೈಗೂ ನಡುವೆ ಸಿಕ್ಕಿಕೊಳ್ಳುವುದು ಕೂಸು. ತನ್ನ ಬೆಲ್ಟನ್ನೇ ಕೂಸಿಗೂ ಸೇರಿಸಿ ಸುತ್ತಿಕೊಂಡರೂ ಕಥೆ ಅದೇ, ಮಗುವಿನ ಹೊಟ್ಟೆ ಬೆಲ್ಟಿಗೂ ದೊಡ್ಡವರಿಗೂ ನಡುವೆ ಜಜ್ಜಿಹೋಗುತ್ತೆ.

ಇದನ್ನು ನೀವು ಹೇಳಬೇಡಿ. ಸೊಸೆ ಹೇಳಿದರೆ ಅದು ಮಾತಿಗೆ ಮಾತಾಗುತ್ತೆ. ಅವರ ಮಗನೇ ಹೇಳಲಿ, ಅದೂ ಹೊರಡುವ ಗಡಿಬಿಡಿಯಲ್ಲಿ ಬೇಡ, ಹಿಂದಿನ ದಿನ ಊಟ ಆದ ಮೇಲೆ ಸಮಾಧಾನವಾಗಿ. "ಅವ್ವಾ, ನಿನ್ನ ಕೈಗೆ ಅಷ್ಟು ಭಾರ ತಡೆಯೋಕಾಗಲ್ಲ, ಅದಕ್ಕೇ ಸೀಟ್" ಅಂತ. ಬೇಕಾದರೆ ಲಸಿಕೆಗೆ ಬಂದಾಗ ಅವರನ್ನೂ ಕರೆದುಕೊಂಡು ಬನ್ನಿ, ನಿಮ್ಮ ಮಕ್ಕಳ ಡಾಕ್ಟರ ಬಾಯಿಂದಲೇ ಹೇಳಿಸಿ. ನಮ್ಮ ಕಡೆ ಹಿರಿಯರು ಡಾಕ್ಟರ ಮಾತು ಕೇಳುತ್ತಾರೆ, ಇದನ್ನು ದಿನಾ ನೋಡುತ್ತೇನೆ. ಆಮೇಲೆ ಅವರಿಗೆ ಒಂದು ಕೆಲಸ ಕೊಡಿ. ಕಾರು ಹೊರಡುವ ಮುಂಚೆ ಎಲ್ಲರ ಬೆಲ್ಟ್ ನೋಡುವ ಜವಾಬ್ದಾರಿ ಅಜ್ಜಿಯದು, ಅಜ್ಜಿ "ಹ್ಞೂಂ" ಅನ್ನುವವರೆಗೂ ಕಾರು ಚಾಲೂ ಆಗಲ್ಲ. ಸೀಟಿನ ಪಕ್ಕದಲ್ಲೇ ಅವರು ಕೂರಲಿ, ಮೊಮ್ಮಗಳ ಕೈ ಹಿಡಿದುಕೊಳ್ಳಲಿ, ಹಾಡಲಿ. ತೊಡೆಯಿಂದ ಕೂಸನ್ನು ಕಿತ್ತುಕೊಂಡರು ಅನ್ನುವ ಬೇಸರ ಅವರಿಗೆ ಇರಬಾರದು.

ಮತ್ತೆ ಅವರೂ ಬೆಲ್ಟ್ ಹಾಕಬೇಕು, ಹಿಂದಿನ ಸೀಟಾದರೂ. ಹಿಂದೆ ಬೆಲ್ಟ್ ಇಲ್ಲದೆ ಕೂತ ದೊಡ್ಡವರು ಅಪಘಾತದಲ್ಲಿ ಮುಂದಿನವರ ಬೆನ್ನಿಗೆ, ಪಕ್ಕದ ಮಗುವಿನ ಮೇಲೆ ಬಂದು ಅಪ್ಪಳಿಸುತ್ತಾರೆ. ಮಗುವನ್ನು ಚೆನ್ನಾಗಿ ಕಟ್ಟಿ ದೊಡ್ಡವರು ಹಾಗೇ ಕೂತರೆ ಕೆಲಸ ಅರ್ಧ ಮಾತ್ರ ಆದ ಹಾಗೆ.

ಈಗ ಅಳು. 14 ತಿಂಗಳ ಮಗುವಿಗೆ ಕಟ್ಟಿಹಾಕುವುದು ಇಷ್ಟವಾಗಲ್ಲ, ಅದು ಆ ವಯಸ್ಸಿನ ಸ್ವಭಾವ. ಆದರೆ ನಿಮ್ಮ ಮಗಳು ಒಂದು ಪಾಠ ಕಲಿತುಬಿಟ್ಟಿದ್ದಾಳೆ: ಅತ್ತರೆ ಅಜ್ಜಿ ಎತ್ತಿಕೊಳ್ಳುತ್ತಾಳೆ. ಹತ್ತು ಸಲದಲ್ಲಿ ಎರಡು ಸಲ ಎತ್ತಿಕೊಂಡರೂ ಸಾಕು, ಮಗು ಪ್ರತಿ ಸಲ ಅತ್ತು ನೋಡುತ್ತೆ. ಎಲ್ಲರೂ ಒಂದೇ ಮಾತಿಗೆ ನಿಂತರೆ ಕೆಲವು ಸಲ ಜೋರಾಗಿ ಅತ್ತು ಆಮೇಲೆ ತಾನೇ ಒಗ್ಗಿಕೊಳ್ಳುತ್ತಾಳೆ.

ಅದಕ್ಕೂ ಮೊದಲು ಅಳುವಿಗೆ ಬೇರೆ ಕಾರಣ ಇದೆಯಾ ನೋಡಿ. ಪಟ್ಟಿ ತಿರುಚಿಕೊಂಡು ಕುತ್ತಿಗೆಗೆ ಒತ್ತುತ್ತಿದೆಯಾ, ಮಗು ಬೆಳೆದರೂ ಭುಜದ ಪಟ್ಟಿ ಹಳೇ ತೂತಲ್ಲೇ ಇದೆಯಾ, ಡೈಪರ್ ಒದ್ದೆಯಾ, ಕಿಟಕಿಯ ಬಿಸಿಲು ಮುಖಕ್ಕೆ ಹೊಡೆಯುತ್ತಿದೆಯಾ. ಸೀಟನ್ನು ಒಂದು ವಾರ ಮನೆಯೊಳಗೆ ತಂದಿಟ್ಟು ಅದರಲ್ಲಿ ಕೂರಿಸಿ ಆಟ ಆಡಿಸಿ, ನಿಮ್ಮ ಕಣ್ಣೆದುರೇ. ಮಲಗುವ ಹೊತ್ತಿಗೆ ಪ್ರಯಾಣ ಹೊಂದಿಸಿಕೊಂಡರೆ ಇನ್ನೂ ಒಳ್ಳೆಯದು. ಬೀದರ್‌ಗೆ ಹೋಗುವಾಗ ಕಮಲಾಪುರದಲ್ಲಿ ಒಮ್ಮೆ, ಹುಮನಾಬಾದಿನಲ್ಲಿ ಒಮ್ಮೆ ನಿಲ್ಲಿಸಿ. ಹಾಲು ಕುಡಿಸುವುದು, ಡೈಪರ್ ಬದಲಿಸುವುದು, ಎತ್ತಿಕೊಂಡು ಓಡಾಡುವುದು, ಕಮಲಾಪುರದ ಕೆಂಬಾಳೆ ತಿನ್ನಿಸುವುದು ಎಲ್ಲ ನಿಂತ ಕಾರಿನಲ್ಲಿ. ಓಡುವ ಕಾರಲ್ಲಿ ಶೇಂಗಾ, ದ್ರಾಕ್ಷಿ, ಗಟ್ಟಿ ತಿಂಡಿ ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಂಡರೆ, ಹಿಂದಕ್ಕೆ ಮುಖ ಮಾಡಿ ಕೂತ ಮಗು ಮುಂದೆ ಇರುವವರಿಗೆ ಕಾಣುವುದಿಲ್ಲ. ತುಂಬಾ ಅತ್ತರೆ ರಸ್ತೆ ಬಿಟ್ಟು ಪಕ್ಕಕ್ಕೆ ಇಳಿಸಿ ನಿಲ್ಲಿಸಿ, ಸಮಾಧಾನ ಮಾಡಿ, ಮತ್ತೆ ಕಟ್ಟಿ ಹೊರಡಿ. ಓಡುವ ಕಾರಲ್ಲಿ ಬಕಲ್ ಬಿಚ್ಚುವುದು ಮಾತ್ರ ಯಾವತ್ತೂ ಬೇಡ. ಅಳುವ ಕೂಸು ಉಸಿರಾಡುತ್ತಿರುವ ಕೂಸು ಅಂತ ನಾನು ತಾಯಂದಿರಿಗೆ ಹೇಳುತ್ತಿರುತ್ತೇನೆ, ಕಠಿಣ ಅನಿಸಬಹುದು, ಆದರೆ ಅದನ್ನು ಮನಸಾರೆ ಹೇಳುತ್ತೇನೆ.

ಹಿಂದಕ್ಕೆ ಮುಖ ಅಂದೆ, ಅಲ್ವಾ? ನಿಮ್ಮ ಮಗಳ ಸೀಟ್ ಯಾವ ಕಡೆಗೆ ಮುಖ ಮಾಡಿದೆ ಅಂತ ನೀವು ಬರೆದಿಲ್ಲ. ನಮ್ಮಲ್ಲಿ ವರ್ಷ ತುಂಬಿದ ಕೂಡಲೇ, ಕೆಲವರು ಆರು ತಿಂಗಳಿಗೇ, ಮುಂದಕ್ಕೆ ತಿರುಗಿಸಿಬಿಡುತ್ತಾರೆ. ಮಗು ಹೊರಗೆ ನೋಡಲಿ ಅಂತ. ದಯವಿಟ್ಟು ತಿರುಗಿಸಬೇಡಿ. ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲು ಭಾಗ ತಲೆಯೇ ಇರುತ್ತೆ, ದೊಡ್ಡವರಲ್ಲಿ ಅದು ಸುಮಾರು ಎಂಟನೇ ಒಂದು ಭಾಗ. ಒಂದೆರಡು ವರ್ಷದ ಮಗುವಿಗೂ ಮೈಗೆ ಹೋಲಿಸಿದರೆ ತಲೆ ಭಾರವೇ, ಕುತ್ತಿಗೆಯ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ನಡುವೆ ಮೆತ್ತನೆಯ ಮೃದ್ವಸ್ಥಿ ಇರುತ್ತೆ. ಮುಂದಕ್ಕೆ ಮುಖ ಮಾಡಿ ಕೂತಿದ್ದರೆ ಮೈಯನ್ನು ಪಟ್ಟಿ ಹಿಡಿಯುತ್ತೆ, ತಲೆ ಮಾತ್ರ ಮುಂದೆ ಜಗ್ಗುತ್ತೆ, ಆ ಎಳೆತ ಪೂರ್ತಿ ಕುತ್ತಿಗೆಯೊಳಗಿನ ಬೆನ್ನುಹುರಿಗೆ. ಹಿಂದಕ್ಕೆ ಮುಖ ಇದ್ದರೆ ತಲೆ, ಕುತ್ತಿಗೆ, ಬೆನ್ನು ಮೂರೂ ಸೀಟಿನ ಬೆನ್ನಿಗೆ ಒಟ್ಟಿಗೆ ಒತ್ತಿಕೊಳ್ಳುತ್ತವೆ, ಪೆಟ್ಟು ಹರಡಿಹೋಗುತ್ತೆ. ಯುರೋಪಿನ ಹೊಸ ನಿಯಮ, ಆರ್129, ಕನಿಷ್ಠ 15 ತಿಂಗಳವರೆಗೆ ಹಿಂದಕ್ಕೇ ಮುಖ ಇರಬೇಕು ಅನ್ನುತ್ತೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ, ಸೀಟಿನ ಮೇಲೆ ಬರೆದಿರುವ ತೂಕ, ಎತ್ತರದ ಮಿತಿ ಮುಟ್ಟುವವರೆಗೂ ಹಾಗೇ ಇರಲಿ ಅಂದಿದೆ. ಕಾಲು ಮಡಚಿಕೊಂಡು ಕೂರುತ್ತಾಳೆ ಅಂತ ಚಿಂತೆ ಬೇಡ, ಮಕ್ಕಳಿಗೆ ಅದು ಆರಾಮ. ಎರಡು ವರ್ಷವಾದರೂ ಹಿಂದಕ್ಕೇ ಇರಲಿ, ಸೀಟ್ ಅದಕ್ಕೆ ಒಪ್ಪಿದರೆ ಇನ್ನೂ ಜಾಸ್ತಿ ದಿನ.

ಹಿಂದಕ್ಕೆ ಮುಖ ಇರುವ ಸೀಟನ್ನು ಮುಂದಿನ ಸೀಟಿನಲ್ಲಿ ಯಾವತ್ತೂ ಇಡಬೇಡಿ. ಈಗಿನ ಹೊಸ ಕಾರುಗಳಲ್ಲಿ ಮುಂದೆ ಇಬ್ಬರಿಗೂ ಏರ್‌ಬ್ಯಾಗ್ ಇದೆ. ಅದು ಉಬ್ಬಿಕೊಂಡು ಹೊರಬರುವ ರಭಸಕ್ಕೆ ಸೀಟಿನ ಬೆನ್ನಿಗೆ, ಅಂದರೆ ಸರಿಯಾಗಿ ಕೂಸಿನ ತಲೆಯ ಹಿಂದೆ, ಗುದ್ದುತ್ತೆ. ಡ್ರೈವರ್ ತೊಡೆ ಮೇಲೆ ಮಗು ಕೂರಿಸಿ ಸ್ಟೇರಿಂಗ್ ಹಿಡಿಸುವುದು ಇನ್ನೂ ಅಪಾಯ. ಹನ್ನೆರಡು ದಾಟುವವರೆಗೂ ಮಕ್ಕಳ ಜಾಗ ಹಿಂದೆಯೇ.

ಸೀಟ್ ಕಾರಿಗೆ ಸರಿಯಾಗಿ ಕೂತಿದೆಯಾ ಅಂತ ಈಗಲೇ ಹೋಗಿ ನೋಡಿ. ಬೆಲ್ಟ್ ಹಾದುಹೋಗುವ ಜಾಗದ ಹತ್ತಿರ ಎರಡು ಕೈಯಿಂದ ಹಿಡಿದು ಅಲ್ಲಾಡಿಸಿ. ಎರಡೂವರೆ ಸೆಂಟಿಮೀಟರಿಗಿಂತ ಜಾಸ್ತಿ ಅಲ್ಲಾಡಿದರೆ ಸಡಿಲ ಅಂತ ಅರ್ಥ. ಅಲ್ಲಿ ನೀಲಿ ಗುರುತು ಇದ್ದರೆ ಹಿಂದಕ್ಕೆ ಮುಖ ಮಾಡಿದಾಗಿನ ಬೆಲ್ಟ್ ದಾರಿ, ಕೆಂಪು ಗುರುತು ಮುಂದಕ್ಕೆ ಮುಖ ಮಾಡಿದಾಗಿನದು. ಬಹಳ ಮನೆಗಳಲ್ಲಿ ಇವೆರಡೂ ಅದಲು ಬದಲಾಗುತ್ತವೆ. ಕಾರಲ್ಲಿ ಐಸೋಫಿಕ್ಸ್ ಇದ್ದರೆ, ಅಂದರೆ ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಜಾಗ ಕೂಡುವ ಸಂದಿಯಲ್ಲಿ ಕಬ್ಬಿಣದ ಕೊಂಡಿಗಳಿದ್ದರೆ, ಅದಕ್ಕೆ ಸಿಕ್ಕಿಸುವ ಸೀಟ್ ಕೂರಿಸುವುದು ಸುಲಭ, ತಪ್ಪೂ ಕಡಿಮೆ. ಆಮೇಲೆ ಮಗಳ ಮೈಮೇಲಿನ ಪಟ್ಟಿ. ಭುಜದ ಹತ್ತಿರ ಪಟ್ಟಿಯನ್ನು ಬೆರಳಲ್ಲಿ ಚಿವುಟಿ ನೋಡಿ, ಚಿವುಟಲು ಪಟ್ಟಿ ಸಿಕ್ಕಿದರೆ ಇನ್ನೂ ಬಿಗಿ ಮಾಡಬೇಕು. ಹಿಂದಕ್ಕೆ ಮುಖ ಇದ್ದಾಗ ಪಟ್ಟಿ ಭುಜದ ಮಟ್ಟದಿಂದ ಅಥವಾ ಸ್ವಲ್ಪ ಕೆಳಗಿನಿಂದ ಬರಬೇಕು. ಸಡಿಲ ಪಟ್ಟಿ ಕಟ್ಟಿ ನೆಮ್ಮದಿಯಾಗಿರುವ ತಂದೆತಾಯಂದಿರನ್ನು ನೋಡಿದಾಗ ನನಗೆ ತುಂಬಾ ಸಂಕಟವಾಗುತ್ತೆ. ಅಷ್ಟು ರೊಕ್ಕ ಕೊಟ್ಟು ತಂದಿರುತ್ತಾರೆ, ಕೊನೆಗೆ ಎರಡು ಬೆರಳಿನಷ್ಟು ಸಡಿಲ ಬಿಟ್ಟಿದ್ದಕ್ಕೆ ಅದು ಕೆಲಸಕ್ಕೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಇಂಥ ಸೀಟು ಕೂಸುಗಳ ಸಾವನ್ನು ಸುಮಾರು 70 ಪರ್ಸೆಂಟ್ ತಗ್ಗಿಸುತ್ತೆ. ಆದರೆ ಸರಿಯಾಗಿ ಕೂರಿಸಿ ಸರಿಯಾಗಿ ಕಟ್ಟಿದರೆ ಮಾತ್ರ.

ಬೀದರಿನ ಚಳಿಯಲ್ಲಿ ಒಂದು ವಿಷಯ ನೆನಪಿಡಿ. ದಪ್ಪ ಸ್ವೆಟರ್, ಜಾಕೆಟ್ ಹಾಕಿಸಿ ಅದರ ಮೇಲೆ ಪಟ್ಟಿ ಕಟ್ಟಬೇಡಿ. ಕಟ್ಟಿದಾಗ ಬಿಗಿಯಾಗಿ ಕಾಣುತ್ತೆ, ಗುದ್ದಿದಾಗ ಬಟ್ಟೆ ಒತ್ತಿಹೋಗಿ ಮಗು ಪಟ್ಟಿಯಿಂದ ಜಾರುತ್ತೆ. ತೆಳು ಬಟ್ಟೆಯ ಮೇಲೆ ಪಟ್ಟಿ ಕಟ್ಟಿ, ಅದರ ಮೇಲೆ ಕೌದಿ ಹೊದಿಸಿ. ಬೇಸಿಗೆಯ ಕಷ್ಟ ಇನ್ನೊಂದು ಥರ. ಕಲಬುರಗಿಯ ಏಪ್ರಿಲ್, ಮೇ ತಿಂಗಳ 42–43 ಡಿಗ್ರಿ ಬಿಸಿಲಲ್ಲಿ ನಿಂತ ಕಾರಿನ ಬಕಲ್ ಮುಟ್ಟಿದರೆ ಸುಡುತ್ತೆ, ಮಗು ಚೀರುವುದು ಅದಕ್ಕೂ ಇರಬಹುದು. ನಿಲ್ಲಿಸಿದಾಗ ಸೀಟಿನ ಮೇಲೆ ಬಿಳಿ ಬಟ್ಟೆ ಮುಚ್ಚಿಡಿ, ಕೂರಿಸುವ ಮುಂಚೆ ನಿಮ್ಮ ಕೈಯಿಂದ ಮುಟ್ಟಿ ನೋಡಿ. ಬೆವರುತ್ತಾಳೆ ಅಂತ ಬೆನ್ನ ಹಿಂದೆ ದಿಂಬು, ಮಡಚಿದ ಟವೆಲ್ ಸೇರಿಸಬೇಡಿ. ಮತ್ತೆ ಮಗು ನಿದ್ದೆ ಮಾಡುತ್ತಿದೆ, ಎಬ್ಬಿಸುವುದು ಯಾಕೆ ಅಂತ ಕಾರಲ್ಲೇ ಬಿಟ್ಟು ಅಂಗಡಿಗೆ ಹೋಗಬೇಡಿ, ಕಿಟಕಿ ಸ್ವಲ್ಪ ಇಳಿಸಿದ್ದರೂ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಶಾಖ ಹತ್ತು ಡಿಗ್ರಿಯಷ್ಟು ಏರುತ್ತೆ.

ಮಗನ ವಿಷಯಕ್ಕೆ ಬರುತ್ತೇನೆ. ನಡುವೆ ನಿಲ್ಲುವುದನ್ನು ಇವತ್ತೇ ಬಿಡಿಸಿ. ಎರಡು ಸೀಟಿನ ನಡುವೆ ನಿಂತ ಮಗುವಿಗೂ ಗಾಜಿಗೂ ಮಧ್ಯೆ ತಡೆಯುವಂಥದ್ದು ಏನೂ ಇಲ್ಲ. ಲಗ್ನದ ಮೆರವಣಿಗೆಯಲ್ಲಿ ಸನ್‌ರೂಫ್‌ನಿಂದ ತಲೆ ಹೊರಗೆ ಹಾಕಿಸಿ ಫೋಟೋ ತೆಗೆಯುತ್ತಾರಲ್ಲ, ಅದೂ ಬೇಡ.

ಆರು ವರ್ಷದವನಿಗೆ ದೊಡ್ಡವರ ಬೆಲ್ಟ್ ಯಾಕೆ ಸಾಲದು ಅಂದರೆ, ಆ ಬೆಲ್ಟ್ ಮಾಡಿರುವುದು ದೊಡ್ಡವರ ಸೊಂಟದ ಮೂಳೆಗೆ. ಮಗುವಿನ ಸೊಂಟದ ಮೂಳೆ ಇನ್ನೂ ಚಿಕ್ಕದು, ಬೆಲ್ಟ್ ಹಿಡಿದು ನಿಲ್ಲುವ ಏಣು ಅದರಲ್ಲಿ ಬೆಳೆದಿರುವುದಿಲ್ಲ. ಹಾಗಾಗಿ ಕೆಳಗಿನ ಬೆಲ್ಟ್ ಹೊಟ್ಟೆ ಮೇಲೆ ಏರುತ್ತೆ, ಮೇಲಿನದು ಕುತ್ತಿಗೆಗೆ ಬರುತ್ತೆ. ಕುತ್ತಿಗೆಗೆ ಚುಚ್ಚುತ್ತೆ ಅಂತ ಮಕ್ಕಳು ಅದನ್ನು ಕಂಕುಳ ಕೆಳಗೆ ಇಲ್ಲಾ ಬೆನ್ನ ಹಿಂದೆ ಹಾಕಿಕೊಳ್ಳುತ್ತಾರೆ. ಆಗ ಡಿಕ್ಕಿಯಾದರೆ ಮೈ ಪೂರ್ತಿ ಹೊಟ್ಟೆಯ ಮೇಲಿನ ಒಂದು ಪಟ್ಟಿಯಲ್ಲಿ ಮಡಚಿಕೊಳ್ಳುತ್ತೆ. ಕರುಳು ಹರಿಯುವುದು, ಗುಲ್ಮ, ಯಕೃತ್ತಿಗೆ ಪೆಟ್ಟು, ಬೆನ್ನುಮೂಳೆ ಮುರಿಯುವುದು ಎಲ್ಲಾ ಹೀಗೇ ಆಗುತ್ತೆ. ಹೊರಗೆ ಹೊಟ್ಟೆ ಮೇಲೆ ಬೆಲ್ಟಿನ ಕೆಂಪು ಗೆರೆ ಮಾತ್ರ ಕಾಣಬಹುದು. ಅಪಘಾತದ ನಂತರ ಅಂಥ ಗೆರೆ ಕಂಡರೆ ಮಗು ಆಡುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬೂಸ್ಟರ್ ಮಗುವನ್ನು ಎತ್ತರಕ್ಕೆ ಕೂರಿಸುತ್ತೆ, ಬೆಲ್ಟ್ ತೊಡೆ ಸೊಂಟ ಕೂಡುವಲ್ಲಿ ಮತ್ತು ಭುಜದ ಮಧ್ಯಕ್ಕೆ ಬರುತ್ತೆ. ಅಷ್ಟೇ ಅದರ ಕೆಲಸ. ಬೆನ್ನು ಇರುವ ಬೂಸ್ಟರ್ ತಗೊಳ್ಳಿ, ನಿದ್ದೆ ಬಂದಾಗ ತಲೆ ಪಕ್ಕಕ್ಕೆ ವಾಲುವುದಿಲ್ಲ. ಒಂದು ಎಚ್ಚರ: ಹಿಂದಿನ ನಡು ಸೀಟಿನಲ್ಲಿ ಸೊಂಟಕ್ಕೆ ಮಾತ್ರ ಬೆಲ್ಟ್ ಇದ್ದರೆ ಅಲ್ಲಿ ಬೂಸ್ಟರ್ ಇಡಬೇಡಿ, ಭುಜದ ಬೆಲ್ಟ್ ಇರುವ ಕಿಟಕಿ ಪಕ್ಕವೇ ಬೇಕು. ಅಂದರೆ ಎರಡು ಕಿಟಕಿಗೆ ಎರಡು ಮಕ್ಕಳು, ನಡುವೆ ಅತ್ತೆಯವರು. ನಡುವೆ ಜಾಗ ಇಕ್ಕಟ್ಟಾದರೆ ಅತ್ತೆಯವರು ಮುಂದೆ ಕೂರಲಿ, ನೀವು ಮಕ್ಕಳ ನಡುವೆ ಕೂರಿ. ಬೂಸ್ಟರ್ ಬಿಡುವುದು ವಯಸ್ಸು ನೋಡಿ ಅಲ್ಲ, ಎತ್ತರ ನೋಡಿ. ಕೆಲವು ದೇಶಗಳಲ್ಲಿ 135 ಸೆಂಟಿಮೀಟರ್ ಅನ್ನುತ್ತಾರೆ, ಅಮೆರಿಕದ ವೈದ್ಯರು 145 ಅನ್ನುತ್ತಾರೆ. ಬೆನ್ನು ಪೂರ್ತಿ ಒರಗಿ ಕೂತಾಗ ಮೊಣಕಾಲು ಸೀಟಿನ ಅಂಚಿಗೆ ಸರಿಯಾಗಿ ಮಡಚಿಕೊಂಡು, ಬೆಲ್ಟ್ ಭುಜದ ಮಧ್ಯಕ್ಕೆ ಬಂದು, ಬೀದರ್ ಮುಟ್ಟುವವರೆಗೂ ಹಾಗೇ ಕೂರಲು ಆದರೆ ಬಿಡಬಹುದು. ಹೆಚ್ಚಿನ ಮಕ್ಕಳಿಗೆ ಅದು ಹತ್ತರಿಂದ ಹನ್ನೆರಡರ ನಡುವೆ.

ಊರೊಳಗೆ ಬೇಕಾ ಅಂದಿರಿ. ಸೂಪರ್ ಮಾರ್ಕೆಟ್‌ಗೆ, ಶರಣಬಸವೇಶ್ವರ ಗುಡಿಗೆ, ಸ್ಕೂಲಿಗೆ ಐದು ನಿಮಿಷ ಅಷ್ಟೇ ಅಂತ ಬಿಡುವ ಪ್ರಯಾಣಗಳೇ ಜಾಸ್ತಿ, ಅಲ್ವಾ? ರಿಂಗ್ ರೋಡಿನಲ್ಲಿ 50ರ ವೇಗ ಸಾಮಾನ್ಯ. ಆ ವೇಗದ ಪೆಟ್ಟು ಸುಮಾರು ಹತ್ತು ಮೀಟರ್ ಎತ್ತರದಿಂದ ಬಿದ್ದದ್ದಕ್ಕೆ ಸಮ, ಅಂದರೆ ಮೂರನೇ ಮಹಡಿ. ಊರೊಳಗೆ ಒಂದು ನಿಯಮ, ಹೈವೇಗೆ ಒಂದು ನಿಯಮ ಅಂತ ಮಾಡಿದರೆ ಮಗಳ ಅಳು ನಿಲ್ಲುವುದೇ ಇಲ್ಲ. ಕಾನೂನೂ ಹಾಗೇ ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 194ಬಿ ಕಲಂ ಸೇರಿಸಿದ್ದಾರೆ. 14 ವರ್ಷದೊಳಗಿನ ಮಗು ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದೆ ಕೂತಿದ್ದರೆ 1,000 ರೂಪಾಯಿ ದಂಡ. ಬೈಕಿಗೂ ನಿಯಮ ಬಂದಿದೆ: ನಾಲ್ಕು ವರ್ಷದೊಳಗಿನ ಮಗುವನ್ನು ಓಡಿಸುವವರ ಮೈಗೆ ಸೇರಿಸಿ ಕಟ್ಟುವ ಸೇಫ್ಟಿ ಹಾರ್ನೆಸ್ ಬೇಕು, ಒಂಬತ್ತು ತಿಂಗಳು ತುಂಬಿದ ಮಗುವಿಗೆ ಹೆಲ್ಮೆಟ್ ಬೇಕು, ವೇಗ 40 ದಾಟಬಾರದು.

ಲಗ್ನ, ಜಾತ್ರೆ, ಗಾಣಗಾಪುರಕ್ಕೆ ಕ್ರೂಸರ್ ಮಾಡಿಕೊಂಡು ಹೋಗುವಾಗ ಏನು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಿಂದೆ ಎದುರುಬದುರು ಇರುವ ಅಡ್ಡ ಸೀಟಿನಲ್ಲಿ ಮಕ್ಕಳ ಸೀಟ್ ಕೂರುವುದಿಲ್ಲ. ಮುಂದಕ್ಕೆ ಮುಖ ಮಾಡಿದ ನಡು ಸಾಲಿನಲ್ಲಿ ಬೆಲ್ಟ್ ಇದ್ದರೆ ಮಕ್ಕಳಿಗೆ ಆ ಜಾಗ ಮೊದಲೇ ಹಿಡಿದಿಡಿ. ಇಲ್ಲದಿದ್ದರೆ ನಿಮ್ಮ ಕಾರಲ್ಲೇ ಹಿಂದಿನಿಂದ ಹೋಗಿ. ಬೀಗರು ಬೇಜಾರಾದರೂ ಪರವಾಗಿಲ್ಲ.

ಕೊನೆಗೆ ಅಕ್ಕನ ಹಳೇ ಸೀಟ್. ಅದು ಯಾವ ಮಗುವಿಗೆ ಆಗುತ್ತೆ ಅಂತ ಮೊದಲು ಅದರ ಮೇಲಿನ ಚೀಟಿ ಓದಿ: ತೂಕದ ಮಿತಿ, ಎತ್ತರದ ಮಿತಿ, ಯುರೋಪಿನ ಆರ್44 ಅಥವಾ ಆರ್129 ಇಲ್ಲವೇ ನಮ್ಮ ದೇಶದ ಎಐಎಸ್ 072 ಗುರುತು. ಚೀಟಿಯೇ ಹರಿದುಹೋಗಿದ್ದರೆ ಬೇಡ. ಆ ಸೀಟ್ ಯಾವುದಾದರೂ ಡಿಕ್ಕಿಯಲ್ಲಿ ಇತ್ತಾ ಅಂತ ನೇರವಾಗಿ ಕೇಳಿ. ಇತ್ತು ಅಂದರೆ, ನೋಡಲು ಹೊಸದರಂತಿದ್ದರೂ ಬೇಡ, ಪ್ಲಾಸ್ಟಿಕ್ಕಿನೊಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ತಯಾರಾದ ದಿನಾಂಕ ಹಿಂದೆ ಅಥವಾ ಕೆಳಗೆ ಅಚ್ಚಾಗಿರುತ್ತೆ. ಎಷ್ಟು ವರ್ಷ ಬಳಸಬಹುದು ಅಂತ ಕಂಪನಿ ಹೇಳಿರುತ್ತೆ, ಸಾಮಾನ್ಯವಾಗಿ ಆರರಿಂದ ಹತ್ತು ವರ್ಷ, ನಮ್ಮ ಬಿಸಿಲಲ್ಲಿ ನಾನಾದರೆ ಆರಕ್ಕೇ ನಿಲ್ಲಿಸುತ್ತೇನೆ. ಪಟ್ಟಿ, ಬಕಲ್, ಪುಸ್ತಕ ಎಲ್ಲಾ ಇದೆಯಾ ಕೇಳಿ, ಒಂದು ಭಾಗ ಕಳೆದಿದ್ದರೆ ಲೋಕಲ್ ಅಂಗಡಿಯಲ್ಲಿ ಹೊಲಿಸಿ ಹಾಕಿಸುವುದು ಬೇಡವೇ ಬೇಡ. ಇಷ್ಟೂ ಸರಿ ಇದ್ದರೆ ತರಿಸುವ ಮುಂಚೆ ನೀವೇ ಒಮ್ಮೆ ಹೈದರಾಬಾದಿಗೆ ಹೋದಾಗ ನಿಮ್ಮ ಕಾರಲ್ಲಿ ಕೂರಿಸಿ ನೋಡಿ. ಕೆಲವು ಕಾರುಗಳ ಬೆಲ್ಟ್ ಗಿಡ್ಡ, ಹಿಂದಕ್ಕೆ ಮುಖ ಮಾಡುವ ಸೀಟನ್ನು ಸುತ್ತಿ ಬರುವಷ್ಟು ಉದ್ದ ಇರುವುದಿಲ್ಲ. ಅಕ್ಕನ ಕಾರಲ್ಲಿ ಗಟ್ಟಿಯಾಗಿ ಕೂತ ಸೀಟ್ ನಿಮ್ಮ ಕಾರಲ್ಲಿ ಅಲ್ಲಾಡಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ, ಮಗನಿಗೆ ಬೂಸ್ಟರ್ ಹೊಸದೇ ತಗೊಳ್ಳಿ.